ಖಾಲಿ ಅಂಗಳ ಮತ್ತು ಕ್ಲಾಡ್ ಶಾನನ್

ಕುಂದಾಪುರ, ಬೈಂದೂರು, ಬ್ರಹ್ಮಾವರ ಬದಿಯಲ್ಲಿ ಬೀಗ ಹಾಕಿದ ಮನೆಗಳು ಬಹಳ. ಮನೆಯವರು ಬೆಂಗಳೂರಲ್ಲೋ ಮುಂಬೈಯಲ್ಲೋ ಹೋಟೆಲ್ ನಡೆಸ್ತಾರೆ, ಇಲ್ಲಿ ಮನೆ ಕಾಯೋದು ಸಿಸಿಟಿವಿ. ಆ ವಿಡಿಯೋ ಸ್ಟ್ರೀಮ್‌ನ ಬುಡದಲ್ಲಿರುವ ಲೆಕ್ಕ ಕ್ಲಾಡ್ ಶಾನನ್ ಅವರದ್ದು. ನಾವು ಅವರನ್ನು ಪರೀಕ್ಷೆಗೆ ಬರುವ ಒಂದು ಫಾರ್ಮುಲಾ ಅಂತ ಮಾತ್ರ ತಿಳಿದಿದ್ದೇವೆ.

ಶಾನನ್ ಹುಟ್ಟಿದ್ದು 1916ರ ಏಪ್ರಿಲ್ 30ರಂದು, ಅಮೆರಿಕದ ಮಿಷಿಗನ್‌ನಲ್ಲಿ. ಬೆಳೆದದ್ದು ಗೇಲಾರ್ಡ್ ಎಂಬ ಸಣ್ಣ ಊರಲ್ಲಿ. ಹುಡುಗನಾಗಿದ್ದಾಗಲೇ ಮುಳ್ಳುತಂತಿ ಬೇಲಿಯನ್ನೇ ವಯರ್ ಮಾಡಿಕೊಂಡು ಅರ್ಧ ಮೈಲಿ ದೂರದ ಗೆಳೆಯನ ಮನೆಗೆ ಟೆಲಿಗ್ರಾಫ್ ಕಳಿಸುತ್ತಿದ್ದರು. 1937ರಲ್ಲಿ ಎಂಐಟಿಯ ಥೀಸಿಸ್‌ನಲ್ಲಿ ರಿಲೇ ಸರ್ಕ್ಯೂಟ್‌ಗೆ ಬೂಲಿಯನ್ ಆಲ್ಜಿಬ್ರಾ ಹೊಂದಿಸಿದರು. ಆಗ ವಯಸ್ಸು 21, ಅಂದ್ರೆ ನಮಗಿಂತ ಎರಡೇ ವರ್ಷ ದೊಡ್ಡವರು.

ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ, 1948ರಲ್ಲಿ, ಮಾಹಿತಿಯನ್ನು ಬಿಟ್‌ನಲ್ಲಿ ಅಳೆಯಬಹುದು ಅಂತ ತೋರಿಸಿದರು. ಮೊದಲೇ ಊಹಿಸಬಹುದಾದದ್ದರಲ್ಲಿ ಮಾಹಿತಿ ಕಡಿಮೆ, ಅನಿರೀಕ್ಷಿತವಾದದ್ದರಲ್ಲಿ ಜಾಸ್ತಿ. ಎಚ್.265 ಮಾಡೋದೂ ಇದನ್ನೇ: ಖಾಲಿ ಅಂಗಳವನ್ನು ಆಗೊಮ್ಮೆ ಪೂರ್ತಿ ಕಳಿಸಿ, ನಡುವೆ ಬದಲಾದದ್ದನ್ನು ಮಾತ್ರ ಕಳಿಸುತ್ತದೆ. ಆಸಾಡಿ ಮಳೆಯಲ್ಲಿ ತೆಂಗಿನ ಗರಿ ಅಲ್ಲಾಡಿದರೆ ಪ್ರತಿ ಫ್ರೇಮೂ ಹೊಸತು. ಬಿಟ್‌ರೇಟ್ ಏರುತ್ತದೆ, ಕಡಿಮೆಗೆ ಕಟ್ಟಿಹಾಕಿದರೆ ಕಳ್ಳನ ಮುಖವೇ ಮಸುಕು.

ಲೆಕ್ಕ ಕಾಣಿ. 4 ಎಂಬಿಪಿಎಸ್ ಮೇನ್ ಸ್ಟ್ರೀಮ್ ದಿನವಿಡೀ ರೆಕಾರ್ಡ್ ಆದರೆ ಸುಮಾರು 43 ಜಿಬಿ. ನಾಲ್ಕು ಕ್ಯಾಮೆರಾಕ್ಕೆ 1 ಟಿಬಿ ಡಿಸ್ಕ್ ಆರು ದಿನದೊಳಗೆ ಭರ್ತಿ, ಆಮೇಲೆ ಹಳೆಯದು ಅಳಿಸುತ್ತಾ ಹೋಗುತ್ತದೆ. ಹತ್ತು ದಿನ ಬಿಟ್ಟು ಬಂದು ಬಾಗಿಲು ಒಡೆದದ್ದು ಕಂಡರೆ, ಆ ರಾತ್ರಿಯ ರೆಕಾರ್ಡಿಂಗೇ ಇರೋದಿಲ್ಲ!

ಇದಕ್ಕೆ ದಾರಿ ಸಬ್ ಸ್ಟ್ರೀಮ್. 640×360, ಸೆಕೆಂಡಿಗೆ 5 ಫ್ರೇಮ್ ಇದ್ದರೆ ಎಐಗೆ ಹತ್ತಿರದ ಮನುಷ್ಯನನ್ನು ಗುರುತಿಸಲು ಸಾಮಾನ್ಯವಾಗಿ ಸಾಕು. ತೆಂಗಿನ ಗರಿಯ ಜಾಗಕ್ಕೆ ಮಾಸ್ಕ್ ಹಾಕಬೇಕು. ಮನುಷ್ಯ ಕಂಡಾಗ ಮಾತ್ರ ಮೇನ್ ಸ್ಟ್ರೀಮ್ ಉಳಿಸಬೇಕು, ಅದೂ ಕೆಲವು ಸೆಕೆಂಡ್ ಹಿಂದಿನಿಂದ. ಎಐ ತಪ್ಪಿದರೂ ಇರಲಿ ಅಂತ 512 ಕೆಬಿಪಿಎಸ್ ಸಬ್ ಸ್ಟ್ರೀಮನ್ನು 24 ಗಂಟೆ ರೆಕಾರ್ಡ್ ಮಾಡಿದರೆ, ನಾಲ್ಕಕ್ಕೂ ಸೇರಿ ದಿನಕ್ಕೆ ಬರೀ 22 ಜಿಬಿ. ಅದೇ ಡಿಸ್ಕಲ್ಲಿ ತಿಂಗಳ ಹಿಂದಿನದ್ದೂ ಸಿಗುತ್ತದೆ.

ಎಐ ಕಡೆಗೂ ಶಾನನ್ ಬಂದವರೇ. 1950ರಲ್ಲಿ ಥೀಸಿಯಸ್ ಎಂಬ ಇಲಿ ಮಾಡಿದರು. ಅದು ಜಟಿಲ ದಾರಿಯಲ್ಲಿ ತಡವರಿಸಿ ಹೊರಬಂದು, ಮುಂದಿನ ಸಲ ನೇರ ಓಡುತ್ತಿತ್ತು. ನೆನಪೆಲ್ಲ ಅಡಿಯ ರಿಲೇಗಳಲ್ಲಿ. ಎಐಗೆ ಹೆಸರು ಕೊಟ್ಟ 1956ರ ಡಾರ್ಟ್‌ಮತ್ ಸಭೆಯನ್ನು ಪ್ರಸ್ತಾಪಿಸಿದ ನಾಲ್ವರಲ್ಲಿ ಅವರೂ ಒಬ್ಬರು. ಮನೆಯಲ್ಲಿ ಒಂಟಿಚಕ್ರದ ಸೈಕಲ್ ಹೊಡೀತಾ, ಚೆಂಡು ಎಸೆದು ಹಿಡೀತಾ ಇದ್ದ ಖುಷಿಯ ಮನುಷ್ಯ.

ಕೊನೆಯ ವರ್ಷಗಳಲ್ಲಿ ಅಲ್ಝೈಮರ್ ಕಾಯಿಲೆ ಅವರ ನೆನಪನ್ನೇ ಅಳಿಸುತ್ತಾ ಹೋಯಿತು. 2001ರ ಫೆಬ್ರವರಿ 24ರಂದು ತೀರಿಕೊಂಡರು. ಯಾವುದನ್ನು ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಡಬಾರದು ಅಂತ ಅಳೆಯೋ ಕೋಲು ಮಾತ್ರ ನಮ್ಮ ಕೈಯಲ್ಲಿ ಉಳಿದಿದೆ.