ಶಾಖವನ್ನೂ ನೀರಿನಂತೆ ಎತ್ತಬಹುದೆಂದು ತೋರಿಸಿದ ವಿಜ್ಞಾನಿ: ಲಾರ್ಡ್ ಕೆಲ್ವಿನ್



ಕುಷ್ಟಗಿ, ಯಲಬುರ್ಗಾ ಭಾಗದ ಎರೆಹೊಲಗಳ ನಡುವೆ ಎತ್ತರದ ಗಾಳಿಯಂತ್ರಗಳು ತಿರುಗುವುದನ್ನು ನೀವು ದಿನವೂ ಕಾಣುತ್ತೀರಿ. ಅವುಗಳನ್ನು ಕಂಡ ಅನೇಕ ರೈತರು ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರೆ. ಮನೆಯ ಬಳಿ ಒಂದು ಚಿಕ್ಕ ಗಾಳಿಯಂತ್ರ ನಿಲ್ಲಿಸಿ, ದಾಳಿಂಬೆ ಇಡುವ ತಂಪು ಕೋಣೆಯನ್ನೋ ಮೆಣಸಿನಕಾಯಿ ಒಣಗಿಸುವ ಯಂತ್ರವನ್ನೋ ಅದರಿಂದ ನಡೆಸಬಹುದೇ ಎಂಬುದು ಆ ಪ್ರಶ್ನೆ.

ತಂಪು ಕೋಣೆಯಲ್ಲಿ ಇರುವ ಯಂತ್ರವೂ, ಇಂದು ಹೀಟ್ ಪಂಪ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಒಣಗಿಸುವ ಯಂತ್ರವೂ ಮೂಲತಃ ಒಂದೇ. ಎರಡೂ ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತವೆ. ಈ ಯಂತ್ರದ ತತ್ತ್ವವನ್ನು ಲೆಕ್ಕದ ಮೂಲಕ ತೋರಿಸಿಕೊಟ್ಟವರೂ, ಗಾಳಿಯಿಂದ ವಿದ್ಯುತ್ ಪಡೆದು ಕೂಡಿಡುವ ಸಾಧ್ಯತೆಯನ್ನು ಬಹಿರಂಗವಾಗಿ ಚರ್ಚಿಸಿದವರೂ ಒಬ್ಬರೇ ವಿಜ್ಞಾನಿ. ಶಾಲೆಯ ಪಠ್ಯದಲ್ಲಿ ಉಷ್ಣತೆಯ ಮಾನವಾಗಿ ನೀವು ಓದಿರುವ ಕೆಲ್ವಿನ್, ಅವರ ಹೆಸರೇ. ಕೆಲ್ವಿನೇಟರ್ ಎಂಬ ಫ್ರಿಜ್ಜಿನ ಹೆಸರೂ ಅವರ ಸ್ಮರಣೆಯಿಂದ ಬಂದದ್ದು. ಸಾಲ ಮಾಡಿ ಯಂತ್ರ ಕೊಳ್ಳುವ ಮೊದಲು ಅವರ ಬದುಕನ್ನು ಒಮ್ಮೆ ಅವಲೋಕಿಸುವುದು ಪ್ರಯೋಜನಕರ.

ರೈತನ ಮೊಮ್ಮಗ

ವಿಲಿಯಂ ಥಾಮ್ಸನ್ 1824ರ ಜೂನ್ 26ರಂದು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದರು. ಅವರ ಅಜ್ಜ ಅದೇ ಸೀಮೆಯ ಸಣ್ಣ ಹಿಡುವಳಿಯ ರೈತ. ತಂದೆ ಜೇಮ್ಸ್ ಥಾಮ್ಸನ್ ಹೊಲಮನೆಯಲ್ಲಿ ಬೆಳೆದು, ಬಹುಮಟ್ಟಿಗೆ ಸ್ವಂತ ಶ್ರಮದಿಂದಲೇ ಗಣಿತ ಕಲಿತು ಅಧ್ಯಾಪಕರಾದವರು. ವಿಲಿಯಂ ಆರು ವರ್ಷ ತುಂಬುವ ಹೊತ್ತಿಗೆ ತಾಯಿಯನ್ನು ಕಳೆದುಕೊಂಡರು. ತಾಯಿಯಿಲ್ಲದ ಮಕ್ಕಳಿಗೆ ತಂದೆಯೇ ಗುರುವಾದರು. 1832ರಲ್ಲಿ ತಂದೆಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕ ಹುದ್ದೆ ದೊರೆತು, ಕುಟುಂಬ ಅಲ್ಲಿಗೆ ನೆಲೆ ಬದಲಿಸಿತು.

ವಿಲಿಯಂ ಹತ್ತನೆಯ ವಯಸ್ಸಿನಲ್ಲಿಯೇ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದರು. 1840ರಲ್ಲಿ, ಸುಮಾರು ಹದಿನಾರರ ವಯಸ್ಸಿನಲ್ಲಿ, ಫ್ರಾನ್ಸಿನ ಫೂರಿಯೇ ಎಂಬ ಗಣಿತಜ್ಞರು ಶಾಖದ ಚಲನೆಯ ಬಗ್ಗೆ ಬರೆದ ಗ್ರಂಥವನ್ನು ಓದಿದರು. ಶಾಖ ಎಲ್ಲಿಂದ ಎಲ್ಲಿಗೆ, ಎಷ್ಟು ವೇಗವಾಗಿ ಹರಿಯುತ್ತದೆ ಎಂಬ ಪ್ರಶ್ನೆ ಅಂದಿನಿಂದ ಅವರನ್ನು ಬಿಡಲಿಲ್ಲ. ಕೇಂಬ್ರಿಜ್‌ನಲ್ಲಿ 1845ರವರೆಗೆ ಓದಿ, ಬಳಿಕ ಪ್ಯಾರಿಸ್ಸಿನಲ್ಲಿ ರೆನ್ಯೋ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ನಿಖರವಾಗಿ ಅಳೆಯುವ ಶಿಸ್ತನ್ನು ಕಲಿತರು. 1846ರಲ್ಲಿ, ಕೇವಲ 22ನೆಯ ವಯಸ್ಸಿನಲ್ಲಿ, ಗ್ಲಾಸ್ಗೋದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಆ ಹುದ್ದೆಯಲ್ಲಿ ಅವರು 53 ವರ್ಷ ದುಡಿದರು.

ಅಭಿಪ್ರಾಯ ಬದಲಿಸಿಕೊಳ್ಳುವ ಧೈರ್ಯ

1847ರಲ್ಲಿ ಆಕ್ಸ್‌ಫರ್ಡ್‌ನ ಸಭೆಯೊಂದರಲ್ಲಿ ಜೇಮ್ಸ್ ಜೌಲ್ ಎಂಬವರು ದುಡಿಮೆಯಿಂದ ಶಾಖ ಹುಟ್ಟುತ್ತದೆ, ಅದರ ಪ್ರಮಾಣವನ್ನು ಅಳೆಯಬಹುದು ಎಂದು ಪ್ರತಿಪಾದಿಸಿದರು. ಶಾಖವು ಒಂದು ಬಗೆಯ ದ್ರವವೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಥಾಮ್ಸನ್ ಮೊದಲಿಗೆ ಜೌಲ್ ಮಾತನ್ನು ಸಂದೇಹದಿಂದಲೇ ಕಂಡರು. ಆದರೆ ಕೆಲವು ವರ್ಷಗಳ ಚಿಂತನೆಯ ನಂತರ ಅದನ್ನು ಒಪ್ಪಿ, ಜೌಲ್ ಜೊತೆಗೂಡಿ ಪ್ರಯೋಗ ನಡೆಸಿದರು. 1848ರಲ್ಲಿ ಅವರು ಯಾವುದೇ ವಸ್ತುವಿನ ಗುಣವನ್ನು ಅವಲಂಬಿಸದ ಉಷ್ಣತೆಯ ಮಾನವನ್ನು ಪ್ರಸ್ತಾಪಿಸಿದ್ದರು. ಅದರ ಸೊನ್ನೆಯು ಸೆಲ್ಸಿಯಸ್ ಮಾನದ ಸೊನ್ನೆಗಿಂತ ಸುಮಾರು 273 ಡಿಗ್ರಿ ಕೆಳಗಿದೆ.

ಈ ಮಾನದಿಂದ ಒಂದು ಮಹತ್ವದ ಅರಿವು ದೊರೆಯಿತು. ನಮಗೆ ತಣ್ಣಗೆ ತೋರುವ ಗಾಳಿಯಲ್ಲಿಯೂ, ಬಾವಿಯ ನೀರಿನಲ್ಲಿಯೂ ಶಾಖ ಸಾಕಷ್ಟಿದೆ. ಅದು ಕೆಳಮಟ್ಟದಲ್ಲಿದೆ, ಅಷ್ಟೇ.

1852ರ ಆಲೋಚನೆ

1852ರಲ್ಲಿ ಥಾಮ್ಸನ್ ಕಟ್ಟಡಗಳನ್ನು ಬಿಸಿ ಮಾಡುವ ಮತ್ತು ತಂಪು ಮಾಡುವ ಮಿತವ್ಯಯದ ವಿಧಾನವೊಂದನ್ನು ಗ್ಲಾಸ್ಗೋದ ವಿದ್ವತ್ ಸಭೆಯ ಮುಂದಿಟ್ಟರು. ಹೊರಗಿನ ಗಾಳಿಯನ್ನು ಒಂದು ಸಿಲಿಂಡರಿನಲ್ಲಿ ಹಿಗ್ಗಿಸಿದರೆ ಅದು ತಣ್ಣಗಾಗುತ್ತದೆ. ಹಾಗೆ ತಣ್ಣಗಾದ ಗಾಳಿಯು ಸುತ್ತಲಿನಿಂದ ಶಾಖವನ್ನು ಹೀರುತ್ತದೆ. ಅದನ್ನು ಇನ್ನೊಂದು ಸಿಲಿಂಡರಿನಲ್ಲಿ ಒತ್ತಿದರೆ ಮೊದಲಿಗಿಂತ ಬಿಸಿಯಾಗುತ್ತದೆ. ಕಲ್ಲಿದ್ದಲನ್ನು ಒಲೆಯಲ್ಲಿ ನೇರವಾಗಿ ಉರಿಸುವುದಕ್ಕಿಂತ, ಅದರಿಂದ ಎಂಜಿನ್ ನಡೆಸಿ ಇಂತಹ ಯಂತ್ರವನ್ನು ತಿರುಗಿಸಿದರೆ ಕೋಣೆಗೆ ಹೆಚ್ಚು ಶಾಖ ಸಿಗುತ್ತದೆಂದು ಅವರ ಲೆಕ್ಕ ತೋರಿಸಿತು. ಅದೇ ತತ್ತ್ವದ ಯಂತ್ರ ಬಿಸಿ ನಾಡುಗಳ ಕಟ್ಟಡಗಳನ್ನು ತಂಪಾಗಿಸಲೂ ಒದಗುತ್ತದೆ.

ಇದನ್ನು ನೀವು ಬಾವಿಯ ಹೋಲಿಕೆಯಿಂದ ಸುಲಭವಾಗಿ ಗ್ರಹಿಸಬಹುದು. ಪಂಪು ನೀರನ್ನು ಸೃಷ್ಟಿಸುವುದಿಲ್ಲ, ಕೆಳಗಿರುವ ನೀರನ್ನು ಮೇಲೆತ್ತುತ್ತದೆ. ಹಾಗೆಯೇ ಉಷ್ಣ ಪಂಪು ಕೆಳಮಟ್ಟದಲ್ಲಿರುವ ಶಾಖವನ್ನು ಮೇಲಿನ ಮಟ್ಟಕ್ಕೆ ಎತ್ತುತ್ತದೆ. ಕೊಳವೆಬಾವಿಯ ಆಳ ಹೆಚ್ಚಿದಂತೆ ವಿದ್ಯುತ್ ಖರ್ಚು ಏರುವಂತೆ, ಎರಡು ಕಡೆಯ ಉಷ್ಣತೆಯ ಅಂತರ ಹೆಚ್ಚಿದಂತೆ ಇಲ್ಲಿಯೂ ಖರ್ಚು ಏರುತ್ತದೆ. ಅಂತರ ಮಿತವಾಗಿದ್ದರೆ, ಇಂದಿನ ಒಳ್ಳೆಯ ಯಂತ್ರ ಒಂದು ಯೂನಿಟ್ ವಿದ್ಯುತ್ತಿನಿಂದ ಸುಮಾರು ಮೂರು ಯೂನಿಟ್ ಶಾಖವನ್ನು ಒದಗಿಸುತ್ತದೆ.

ಅಂದಿನ ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಅಗ್ಗವಾಗಿದ್ದುದರಿಂದ ಈ ಆಲೋಚನೆ ಬಳಕೆಗೆ ಬರಲಿಲ್ಲ. ಆದರೆ ಅದೇ ದಶಕದಲ್ಲಿ ಆಸ್ಟ್ರಿಯಾದ ಎಬೆನ್ಸೇ ಎಂಬಲ್ಲಿ ರಿಟ್ಟಿಂಗರ್ ಎಂಬ ಎಂಜಿನಿಯರರು ಉಪ್ಪುನೀರನ್ನು ಬತ್ತಿಸಲು ಇದೇ ತತ್ತ್ವವನ್ನು ಪ್ರಯೋಗಿಸಿದರು. ಅವರ ಯಂತ್ರವನ್ನು ತಿರುಗಿಸಿದ್ದು ಹರಿಯುವ ನೀರಿನ ಬಲ. ನಿಸರ್ಗದ ಬಲದಿಂದ ಉಷ್ಣ ಪಂಪು ನಡೆಸುವುದು, ಹಾಗಾಗಿ, ಹೊಸ ಮಾತಲ್ಲ.

ಬಲಕ್ಕಿಂತ ಅಳತೆ ಮೇಲು

ಥಾಮ್ಸನ್ ಅವರಿಗೆ ಜನಮನ್ನಣೆ ತಂದದ್ದು ಅಟ್ಲಾಂಟಿಕ್ ಸಾಗರದಡಿಯ ತಂತಿ. 1858ರಲ್ಲಿ ಹಾಸಿದ ತಂತಿಯಲ್ಲಿ ಸಂದೇಶಗಳು ಅತಿ ದುರ್ಬಲವಾಗಿ ಬರುತ್ತಿದ್ದವು. ಕಂಪನಿಯ ವಿದ್ಯುತ್ ಅಧಿಕಾರಿಯು ಹೆಚ್ಚು ಒತ್ತಡದ ವಿದ್ಯುತ್ ಹಾಯಿಸಿದರು. ಮೊದಲೇ ದೋಷವಿದ್ದ ತಂತಿ ಕೆಲವೇ ವಾರಗಳಲ್ಲಿ ಪೂರ್ಣ ಕೆಟ್ಟಿತು. ಥಾಮ್ಸನ್ ಹಿಡಿದ ದಾರಿ ಬೇರೆ. ಒತ್ತಡ ಹೆಚ್ಚಿಸುವ ಬದಲು, ಅತಿ ಸಣ್ಣ ವಿದ್ಯುತ್ತನ್ನೂ ಗುರುತಿಸುವ ಉಪಕರಣವನ್ನು ಅವರು ರೂಪಿಸಿದರು. ರೇಷ್ಮೆ ಎಳೆಗೆ ತೂಗಿದ ಪುಟ್ಟ ಕನ್ನಡಿ, ಅದಕ್ಕೆ ಅಂಟಿಸಿದ ಅಯಸ್ಕಾಂತ, ಕನ್ನಡಿಯಿಂದ ಚಿಮ್ಮಿ ಸರಿದಾಡುವ ಬೆಳಕಿನ ಚುಕ್ಕೆ, ಇಷ್ಟೇ ಅದರ ಅಂಗಗಳು. 1866ರಲ್ಲಿ ತಂತಿ ಯಶಸ್ವಿಯಾಗಿ ದಡ ಮುಟ್ಟಿತು. ಅದೇ ವರ್ಷ ಅವರಿಗೆ ಸರ್ ಪದವಿ ದೊರೆಯಿತು.

ವೈಯಕ್ತಿಕ ಬದುಕು ಸುಗಮವಾಗಿರಲಿಲ್ಲ. 1852ರಲ್ಲಿ ಮದುವೆಯಾದ ಮಾರ್ಗರೆಟ್ ದೀರ್ಘಕಾಲ ಅಸ್ವಸ್ಥರಾಗಿದ್ದು 1870ರಲ್ಲಿ ತೀರಿಕೊಂಡರು. ಮಂಜಿನ ಮೇಲೆ ಜಾರುವ ಆಟದಲ್ಲಿ ಬಿದ್ದು ಕಾಲು ಮುರಿದ ಥಾಮ್ಸನ್ ಜೀವನವಿಡೀ ಕುಂಟುತ್ತಲೇ ನಡೆದರು. 1874ರಲ್ಲಿ ಫ್ರಾನ್ಸಿಸ್ ಬ್ಲಾಂಡಿ ಅವರನ್ನು ವಿವಾಹವಾದರು.

ಗಾಳಿಯ ಕುರಿತು 1881ರ ವಿಚಾರ

1881ರಲ್ಲಿ ಯಾರ್ಕ್ ನಗರದ ವಿಜ್ಞಾನ ಸಮ್ಮೇಳನದಲ್ಲಿ ಅವರು ನಿಸರ್ಗದ ಶಕ್ತಿಮೂಲಗಳ ಕುರಿತು ಉಪನ್ಯಾಸ ನೀಡಿದರು. ಫ್ರಾನ್ಸಿನ ಫೋರ್ ಎಂಬವರು ಸುಧಾರಿಸಿದ ಸೀಸದ ಬ್ಯಾಟರಿ ಆಗತಾನೇ ಬಂದಿತ್ತು. ಕಲ್ಲಿದ್ದಲು ಒಂದು ದಿನ ಮುಗಿಯುತ್ತದೆ, ಆಗ ಮನುಷ್ಯ ಮತ್ತೆ ಗಾಳಿಯನ್ನು ಆಶ್ರಯಿಸಬೇಕಾಗುತ್ತದೆ ಎಂದು ಅವರು ಊಹಿಸಿದರು. ಗಾಳಿಯಂತ್ರದಿಂದ ವಿದ್ಯುತ್ ತೆಗೆದು ಬ್ಯಾಟರಿಯಲ್ಲಿ ಕೂಡಿಡುವ ಸಾಧ್ಯತೆಯನ್ನು ವಿವರಿಸಿದರು. ಆದರೆ ಗಾಳಿ ಪುಕ್ಕಟೆಯಾದರೂ ಗಾಳಿಯಂತ್ರ ದುಬಾರಿ, ಅಗ್ಗದ ಯಂತ್ರ ಬರುವವರೆಗೆ ಇದು ಲಾಭದಾಯಕವಾಗದು ಎಂಬುದನ್ನೂ ಮುಚ್ಚಿಡದೆ ಹೇಳಿದರು. ಉತ್ಸಾಹವೂ ಲೆಕ್ಕವೂ ಜೊತೆಯಾಗಿ ಸಾಗಿದ ಉಪನ್ಯಾಸ ಅದು.

ಆರು ವರ್ಷಗಳ ನಂತರ, 1887ರಲ್ಲಿ, ಗ್ಲಾಸ್ಗೋದವರೇ ಆದ ಇನ್ನೊಬ್ಬ ಪ್ರಾಧ್ಯಾಪಕ ಜೇಮ್ಸ್ ಬ್ಲೈತ್ ತಮ್ಮ ಊರು ಮೇರಿಕರ್ಕ್‌ನಲ್ಲಿ ಬಟ್ಟೆಯ ಪಟಗಳ ಗಾಳಿಯಂತ್ರವನ್ನು ನಿಲ್ಲಿಸಿ, ಅದೇ ಬಗೆಯ ಬ್ಯಾಟರಿ ತುಂಬಿಸಿ, ಮನೆಗೆ ದೀಪ ಹಚ್ಚಿದರು. ಮನೆಯೊಂದಕ್ಕೆ ಗಾಳಿ ವಿದ್ಯುತ್ ದೊರೆತ ಮೊದಲ ಪ್ರಸಂಗಗಳಲ್ಲಿ ಇದು ಒಂದು.

ತಪ್ಪಿದ ಲೆಕ್ಕ

ಥಾಮ್ಸನ್ 1892ರಲ್ಲಿ ಲಾರ್ಡ್ ಪದವಿ ಪಡೆದು, ವಿಶ್ವವಿದ್ಯಾಲಯದ ಪಕ್ಕದಲ್ಲಿ ಹರಿಯುವ ಕೆಲ್ವಿನ್ ನದಿಯ ಹೆಸರನ್ನು ಧರಿಸಿದರು. ಇಷ್ಟು ದೊಡ್ಡ ವಿಜ್ಞಾನಿಯೂ ಎಡವಿದರು. ಭೂಮಿ ತಣ್ಣಗಾಗಲು ತಗಲುವ ಕಾಲವನ್ನು ಲೆಕ್ಕ ಹಾಕಿ, ಅದರ ವಯಸ್ಸು ಕೆಲವೇ ಕೋಟಿ ವರ್ಷಗಳೆಂದು ಅವರು ಸಾಧಿಸಿದರು. ಗಣಿತ ಸರಿಯಾಗಿತ್ತು, ಆಧಾರವಾಗಿ ಹಿಡಿದ ಊಹೆ ತಪ್ಪಾಗಿತ್ತು. ಭೂಮಿಯ ಒಳಗೆ ಶಾಖ ಸಾಗುವ ಬಗೆ ಅವರು ತಿಳಿದಂತೆ ಇರಲಿಲ್ಲ. ಹಿಂದೆ ಅವರಿಗೆ ಸಹಾಯಕರಾಗಿದ್ದ ಜಾನ್ ಪೆರ್ರಿ 1895ರಲ್ಲಿ ಇದನ್ನು ಎತ್ತಿ ತೋರಿಸಿದರೂ ಕೆಲ್ವಿನ್ ಪಟ್ಟು ಬಿಡಲಿಲ್ಲ. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷಗಳೆಂದು ಇಂದು ನಾವು ಬಲ್ಲೆವು.

1907ರ ಡಿಸೆಂಬರ್ 17ರಂದು ಸ್ಕಾಟ್ಲೆಂಡಿನ ಲಾರ್ಗ್ಸ್ ಬಳಿಯ ತಮ್ಮ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ ಸಮಾಧಿಯ ಬಳಿ ಅವರ ಸಮಾಧಿಯಿದೆ.

ನಮ್ಮ ಹೊಲಕ್ಕೆ ಇದರ ಅರ್ಥವೇನು?

ಕೆಲ್ವಿನ್ ಬದುಕಿನ ಪಾಠಗಳನ್ನು ಈಗ ಕೊಪ್ಪಳ ಜಿಲ್ಲೆಗೆ ಅನ್ವಯಿಸಿ ನೋಡೋಣ.

ಮೊದಲನೆಯದು, ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಬದಲಾಗುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುತ್ತದೆ, ಅರ್ಧಕ್ಕೆ ಇಳಿದರೆ ಎಂಟನೆಯ ಒಂದು ಭಾಗ ಉಳಿಯುತ್ತದೆ. 3 ಮೀಟರ್ ವ್ಯಾಸದ ಗಾಳಿಯಂತ್ರವು ಗಾಳಿಯ ಶಕ್ತಿಯಲ್ಲಿ ಶೇ. 30ರಷ್ಟನ್ನು ವಿದ್ಯುತ್ತಾಗಿಸುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 8 ಮೀಟರ್ ಗಾಳಿಯಲ್ಲಿ ಅದು ಸುಮಾರು 600 ವ್ಯಾಟ್, 4 ಮೀಟರ್ ಗಾಳಿಯಲ್ಲಿ ಸುಮಾರು 75 ವ್ಯಾಟ್ ಮಾತ್ರ ನೀಡುತ್ತದೆ. ಹಗಲಿರುಳು ಒಂದೇ ಸಮನೆ ಬೀಸಿದರೆ ಮೊದಲನೆಯದು ದಿನಕ್ಕೆ ಸುಮಾರು 14 ಯೂನಿಟ್, ಎರಡನೆಯದು 2 ಯೂನಿಟ್‌ಗಿಂತಲೂ ಕಡಿಮೆ.

ಎರಡನೆಯದು, ಅಗತ್ಯವನ್ನೂ ಹೀಗೆಯೇ ಲೆಕ್ಕ ಹಾಕಿ. ಶೇ. 75 ತೇವಾಂಶದ 100 ಕೆ.ಜಿ. ಮೆಣಸಿನಕಾಯಿಯನ್ನು ಶೇ. 10ಕ್ಕೆ ಒಣಗಿಸಲು ಸುಮಾರು 72 ಕೆ.ಜಿ. ನೀರನ್ನು ಆವಿಯಾಗಿಸಬೇಕು. ಇದಕ್ಕೆ, ನಷ್ಟವನ್ನು ಬಿಟ್ಟು, ಸುಮಾರು 48 ಯೂನಿಟ್ ಶಾಖ ಬೇಕು. ಕಾಯಿಲ್ ಹೀಟರಿನಿಂದ ಒಣಗಿಸಿದರೆ 48 ಯೂನಿಟ್ ವಿದ್ಯುತ್ತೇ ಖರ್ಚಾಗುತ್ತದೆ. ಉಷ್ಣ ಪಂಪಿಗೆ ಸುಮಾರು 16 ಯೂನಿಟ್ ಸಾಕು. ಗಾಳಿಯ ವಿದ್ಯುತ್ತು ಕೊಂಚವೇ ಇರುವಾಗ ಅದನ್ನು ಹೀಟರಿಗೆ ಹಾಕುವುದು ಕೆಲ್ವಿನ್ ಕಲಿಸಿದ ಪಾಠವನ್ನೇ ಮರೆತಂತೆ.

ಮೂರನೆಯದು, ಋತುಮಾನ. ನಮ್ಮ ಭಾಗದಲ್ಲಿ ಗಾಳಿ ಬಲವಾಗಿ ಬೀಸುವುದು ಮುಂಗಾರಿನಲ್ಲಿ, ಮುಖ್ಯವಾಗಿ ಜೂನ್‌ನಿಂದ ಆಗಸ್ಟ್‌ವರೆಗೆ. ಗಂಗಾವತಿಯ ಮುಂಗಾರು ಭತ್ತ ನವೆಂಬರ್ ಸುಮಾರಿಗೆ ಕಣಕ್ಕೆ ಬರುವಾಗ ಗಾಳಿ ಇಳಿದಿರುತ್ತದೆ. ಮೆಣಸಿನಕಾಯಿ ಒಣಗಿಸುವ ಜನವರಿ, ಫೆಬ್ರವರಿಯಲ್ಲಿ ಬಿಸಿಲೇ ಧಾರಾಳವಾಗಿದೆ. ಆದ್ದರಿಂದ ಒಣಗಿಸುವ ಕೆಲಸವನ್ನು ಗಾಳಿಯೊಂದನ್ನೇ ನಂಬಿ ಕೈಗೊಳ್ಳಬೇಡಿ. ಮೋಡ ಕವಿದು ಸೌರಫಲಕ ಸೊರಗುವ ಮುಂಗಾರಿನಲ್ಲಿ ಹಣ್ಣು, ತರಕಾರಿಯ ತಂಪು ಕೋಣೆಗೆ ಗಾಳಿ ನೆರವಾಗಬಲ್ಲದು. ಸೌರಫಲಕ ಮುಖ್ಯವಾಗಿರಲಿ, ಗಾಳಿ ಜೊತೆಗಿರಲಿ, ವಿದ್ಯುತ್ ಜಾಲದ ಸಂಪರ್ಕ ಕೊನೆಯ ಆಸರೆಯಾಗಿರಲಿ.

ನಾಲ್ಕನೆಯದು, ಕೂಡಿಡುವ ಬಗೆ. 1881ರಲ್ಲಿ ಬ್ಯಾಟರಿಯೇ ದಾರಿಯಾಗಿತ್ತು. ತಂಪು ಕೋಣೆಗೆ ಇಂದು ಅದಕ್ಕಿಂತ ಸರಳವಾದ ದಾರಿಯಿದೆ. ಗಾಳಿ ಬೀಸಿದಾಗ ನೀರನ್ನು ಮಂಜುಗಡ್ಡೆಯಾಗಿಸಿ ಇಟ್ಟರೆ, ಗಾಳಿ ನಿಂತಾಗ ಅದು ಕೋಣೆಯನ್ನು ತಂಪಾಗಿಡುತ್ತದೆ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ನಮ್ಮ ಹಿರಿಯರ ನಾಣ್ಣುಡಿ ಇಲ್ಲಿಯೂ ಸಲ್ಲುತ್ತದೆ.

ಐದನೆಯದು, ಅತಿ ಮುಖ್ಯವಾದದ್ದು: ಕೊಳ್ಳುವ ಮೊದಲು ಅಳೆಯಿರಿ. ಕೆಲವು ವರ್ಷಗಳ ಹಿಂದೆ ಕುಷ್ಟಗಿ ತಾಲ್ಲೂಕಿನ ತೋಟವೊಂದರಲ್ಲಿ, ಮಾಳಿಗೆಯ ಮೇಲೆ, ಬೇವಿನ ಮರಗಳ ಮಗ್ಗುಲಲ್ಲಿ ನಿಲ್ಲಿಸಿದ ಚಿಕ್ಕ ಗಾಳಿಯಂತ್ರವನ್ನು ನಾನು ಕಂಡೆ. ಅದು ತಿರುಗುತ್ತಿತ್ತು, ಆದರೆ ಬ್ಯಾಟರಿ ತುಂಬುತ್ತಿರಲಿಲ್ಲ. ದೂರದ ದಿಬ್ಬದ ದೊಡ್ಡ ಯಂತ್ರಗಳನ್ನು ನೋಡಿ ಅದನ್ನು ಕೊಂಡಿದ್ದ ಆ ಹಿರಿಯರು ಸಾಲದ ಕಂತನ್ನು ಇನ್ನೂ ಕಟ್ಟುತ್ತಿದ್ದರು. ಆ ದೊಡ್ಡ ಯಂತ್ರಗಳಿಗೆ ಸಿಗುವ ಗಾಳಿ ನೆಲದಿಂದ ಬಹು ಎತ್ತರದ್ದು. ಮಾಳಿಗೆಯ ಮೇಲಿನ ಗಾಳಿ ಬೇರೆ. ಸುತ್ತ 100 ಮೀಟರಿನೊಳಗಿನ ಮರ, ಮನೆಗಳಿಗಿಂತ ಕನಿಷ್ಠ 9ರಿಂದ 10 ಮೀಟರ್ ಎತ್ತರದಲ್ಲಿ ರೆಕ್ಕೆಗಳಿರಬೇಕು. ಅದೇ ಎತ್ತರದಲ್ಲಿ ಗಾಳಿಯ ವೇಗಮಾಪಕವಿಟ್ಟು ಒಂದು ವರ್ಷ ದಾಖಲಿಸಿದ ಬಳಿಕವೇ ನಿರ್ಧಾರ ಕೈಗೊಳ್ಳಿ. ಮಾರಾಟಗಾರರ ಪತ್ರದಲ್ಲಿನ ಲೆಕ್ಕ ಸರಿಯಾಗಿಯೇ ಇರಬಹುದು. ಅದಕ್ಕೆ ಆಧಾರವಾದ ಗಾಳಿ ನಿಮ್ಮ ಹೊಲದ್ದೇ ಎಂದು ಕೇಳಿ ತಿಳಿಯಿರಿ. ಕೆಲ್ವಿನ್ ಎಡವಿದ್ದೂ ಇಂತಹ ಕಡೆಯಲ್ಲೇ.

ವಿಸ್ತರಣಾ ಕಾರ್ಯಕರ್ತರು ರೈತರಿಗೆ ಮೊದಲು ಬೆಳೆ, ತಿಂಗಳು ಹಾಗೂ ಬೇಕಾದ ಯೂನಿಟ್‌ಗಳ ಪಟ್ಟಿಯನ್ನು ಮಾಡಿಸಿ, ಅನಂತರ ಯಂತ್ರದ ಮಾತೆತ್ತಬೇಕೆಂದು ಕೋರುತ್ತೇವೆ. ಸಂದೇಹಗಳಿದ್ದಲ್ಲಿ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೋ ಸಂಪರ್ಕಿಸಿ. ಗಾಳಿಯಂತ್ರ ಬೇಡವೆಂದು ಅಳತೆ ಹೇಳಿದರೆ, ಉಳಿದ ಆ ಹಣವೂ ನಿಮಗೆ ಲಾಭವೇ.