ಲಸಿಕೆ ಸರ್ಟಿಫಿಕೇಟಿನ ಹಿಂದೆ ಒಬ್ಬ ಮನುಷ್ಯ: ವಾಲ್ಡೆಮಾರ್ ಹಾಫ್ಕಿನ್

2021ರಲ್ಲಿ ನಾನು ಬಿಜೈಯ ಮನೆಯಿಂದ ಬಜ್ಪೆ ಏರ್‌ಪೋರ್ಟಿಗೆ ಹೊರಟಾಗ ಅಮ್ಮ ಮೊದಲು ಕೇಳಿದ್ದು ಟಿಕೆಟ್ ಅಲ್ಲ, ಲಸಿಕೆಯ ಸರ್ಟಿಫಿಕೇಟ್. ಮಾಸ್ಕು, ಫೇಸ್‌ಶೀಲ್ಡು, ಬ್ಯಾಗಲ್ಲಿ ಸ್ಯಾನಿಟೈಸರು, ಮೊಬೈಲಿನಲ್ಲಿ ಆ ಪಿಡಿಎಫ್. ವಿಮಾನದಲ್ಲಿ ಮಧ್ಯದ ಸೀಟು ಸಿಕ್ಕಿದ್ದಕ್ಕೆ ಮೇಲೊಂದು ಗೌನು ಬೇರೆ. ಇದೆಲ್ಲ ನಮ್ಮ ಕಾಲದ ಹೊಸ ಕತೆ ಅಂದುಕೊಂಡಿದ್ದೆ. ಹಾಫ್ಕಿನ್ ಬಗ್ಗೆ ಓದಿದ ಮೇಲೆ ಗೊತ್ತಾಯ್ತು, ಇದಕ್ಕೆ ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿದ ಹಿನ್ನೆಲೆ ಉಂಟು ಅಂತ.

ವಾಲ್ಡೆಮಾರ್ ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಆಗಿನ ರಷ್ಯಾದಲ್ಲಿ ಯಹೂದಿಗಳಿಗೆ ಮೇಲೆ ಬರೋದು ಸುಲಭವಿರಲಿಲ್ಲ. ಊರು ಬಿಟ್ಟು ಜಿನೀವಾಕ್ಕೆ ಹೋದ, ಅಲ್ಲಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ. ಅಲ್ಲಿ ಸಿಕ್ಕಿದ್ದು ಲೈಬ್ರರಿ ನೋಡಿಕೊಳ್ಳುವ ಕೆಲಸ. ಪುಸ್ತಕ ಜೋಡಿಸಿ ಉಳಿದ ಹೊತ್ತಿನಲ್ಲಿ ಲ್ಯಾಬಿನಲ್ಲಿ ಕೂತು ಕಾಲರಾ ಲಸಿಕೆ ಮಾಡಿದ. 1892ರ ಜುಲೈಯಲ್ಲಿ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಮರುವರ್ಷ ಕಲ್ಕತ್ತೆಗೆ ಬಂದಿಳಿದ.

ಅಷ್ಟರಲ್ಲಿ ಪ್ಲೇಗ್ ಪ್ರಯಾಣ ಹೊರಟಿತ್ತು. 1894ರಲ್ಲಿ ಹಾಂಗ್‌ಕಾಂಗ್, 1896ರಲ್ಲಿ ಮುಂಬಯಿ. ಸಮುದ್ರದಲ್ಲಿ ಹಡಗು, ನೆಲದ ಮೇಲೆ ರೈಲು. ಜನ ಹೆದರಿ ಊರು ಬಿಟ್ಟು ಓಡಿದಷ್ಟೂ ರೋಗ ಅವರ ಜೊತೆಗೇ ಹೋಯಿತು. ಹುಬ್ಬಳ್ಳಿಗೆ ಬಂತು. 1898ರ ಆಗಸ್ಟ್‌ನಲ್ಲಿ ರೈಲಿನ ದಾರಿಯಲ್ಲೇ ಬೆಂಗಳೂರಿಗೂ ಬಂತು. ಬೆಂಗಳೂರಿನ ಪ್ಲೇಗಮ್ಮನ ಗುಡಿಗಳು ಆ ಭಯದ ನೆನಪು.

ಸರಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ರೈಲಿನಲ್ಲೋ ಬೇರೆ ದಾರಿಯಲ್ಲೋ ಹೋಗುವವರನ್ನು ತಪಾಸಣೆ ಮಾಡುವ, ಸಂಶಯ ಬಂದವರನ್ನು ಬೇರೆ ಇಡುವ ಅಧಿಕಾರ ಅದರಲ್ಲಿತ್ತು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಕೋವಿಡ್ ನಿಯಮ ಮಾಡಿದ್ದು ಇದೇ ಹಳೇ ಕಾಯ್ದೆಯ ಕೆಳಗೆ!

ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಹಾಫ್ಕಿನ್‌ಗೆ ಕೊಟ್ಟದ್ದು ಒಂದು ಕೋಣೆ, ಒಂದು ಕಾರಿಡಾರು, ಒಬ್ಬ ಗುಮಾಸ್ತ, ಮೂವರು ಜವಾನರು. ನಮ್ಮ ಫೈನಲ್ ಇಯರ್ ಪ್ರಾಜೆಕ್ಟಿಗೂ ಇದಕ್ಕಿಂತ ಹೆಚ್ಚು ಜಾಗ ಸಿಗ್ತದೆ. ಕೆಲವೇ ತಿಂಗಳಲ್ಲಿ ಪ್ಲೇಗ್ ಲಸಿಕೆ ತಯಾರು. 1897ರ ಜನವರಿ 10ರಂದು ಮತ್ತೆ ತನ್ನ ಮೈಗೇ ಚುಚ್ಚಿಕೊಂಡ, ಅದೂ ಬೇರೆಯವರಿಗೆ ಕೊಡುವುದಕ್ಕಿಂತ ಹೆಚ್ಚು ಪ್ರಮಾಣದಲ್ಲಿ. ಜ್ವರ ಬಂತು, ಬಿಟ್ಟಿತು. ಆಮೇಲೆ ಬೈಕುಲಾ ಜೈಲಿನಲ್ಲಿ, ಒಪ್ಪಿದ ಕೈದಿಗಳ ಮೇಲೆ ಪ್ರಯೋಗ ನಡೆಯಿತು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು. ಅಲ್ಲಿ ಲಸಿಕೆ ಹಾಕಿಸಿಕೊಂಡವರಲ್ಲಿ ಸಾವು ಎಷ್ಟು ಕಡಿಮೆ ಅನ್ನೋ ಲೆಕ್ಕವನ್ನು ಅಲ್ಲಿದ್ದ ವೈದ್ಯರೇ ಬರೆದಿಟ್ಟರು.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು.

1902ರ ಅಕ್ಟೋಬರ್ 30. ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಕೊಟ್ಟರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತೂ ಜನರಿಗೆ ಲಸಿಕೆ ಹೋಗಿದ್ದು ಒಂದೇ ಬಾಟಲಿಯಿಂದ. ಬಾಟಲಿಯ ಗುರುತು 53ಎನ್. ಹಾಫ್ಕಿನ್‌ನ ಲ್ಯಾಬಿನಲ್ಲೇ ತಪ್ಪಾಗಿದೆ ಅಂತ ತನಿಖೆ ಹೇಳಿತು. ಅವನು ಸ್ವಲ್ಪ ಹಿಂದಷ್ಟೇ ಕಾರ್ಬಾಲಿಕ್ ಆಮ್ಲ ಬಿಟ್ಟು ಬರೀ ಶಾಖದಿಂದ ಶುದ್ಧ ಮಾಡುವ ವಿಧಾನಕ್ಕೆ ಬಂದಿದ್ದ. ಎಲ್ಲರೂ ಅದನ್ನೇ ಹಿಡಿದುಕೊಂಡರು. ಕೆಲಸದಿಂದ ಅಮಾನತು ಮಾಡಿದರು, ಅವನು ಯುರೋಪಿಗೆ ವಾಪಸು ಹೋದ.

ಆದರೆ ದಾಖಲೆಯಲ್ಲೇ ಇನ್ನೊಂದು ಸಂಗತಿ ಇತ್ತು. ಆ ದಿನ ಹಳ್ಳಿಯಲ್ಲಿ ಬಾಟಲಿಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಬಿದ್ದದ್ದನ್ನು ಬೆಂಕಿಗೆ ಹಿಡಿಯಬೇಕಿತ್ತು. ಹಿಡಿಯದೆ, ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಮತ್ತೆ ಬಳಸಿದ್ದರು. ಧನುರ್ವಾಯುವಿನ ಬೀಜಾಣು ಮಣ್ಣಿನಲ್ಲಿ ಇರ್ತದೆ, ಅಷ್ಟಕ್ಕೆಲ್ಲ ಸಾಯೋದಿಲ್ಲ. ಲ್ಯಾಬಿನಲ್ಲೇ ಸೇರಿಕೊಂಡಿದ್ದರೆ ಬಾಟಲಿ ತೆರೆದಾಗ ಕೆಟ್ಟ ವಾಸನೆ ಬರಬೇಕಿತ್ತು. ಬಂದಿರಲಿಲ್ಲ.

ಮಲೇರಿಯಾದ ರೊನಾಲ್ಡ್ ರಾಸ್ ಸೇರಿ ದೊಡ್ಡ ವಿಜ್ಞಾನಿಗಳು ಹಾಫ್ಕಿನ್ ಪರವಾಗಿ ಲಂಡನ್ನಿನ ಪತ್ರಿಕೆಗೆ ಬರೆದ ಮೇಲೆ 1907ರಲ್ಲಿ ಅವನ ಹೆಸರಿಗೆ ಅಂಟಿದ್ದ ಕಳಂಕ ಹೋಯಿತು. ಕಲ್ಕತ್ತೆಗೆ ಮರಳಿದ. ಆದರೆ ಮೊದಲಿನ ಹಾಗೆ ಲಸಿಕೆ ಮಾಡಲು ಬಿಡಲಿಲ್ಲ. ಕೆಲವು ವರ್ಷಗಳಲ್ಲಿ ನಿವೃತ್ತನಾಗಿ ಹೋದ. 1925ರಲ್ಲಿ ಮುಂಬಯಿಯ ಪರೇಲಿನ ಸಂಸ್ಥೆಗೆ ಅವನ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡ.

ಎಂಜಿನಿಯರಿಂಗ್ ಓದುವ ನಮಗೆ ಈ ಚಿಮುಟದ ಕತೆ ಅರ್ಥ ಆಗ್ತದೆ. ಲಸಿಕೆ ಸರಿಯಿತ್ತು, ಬಾಟಲಿ ಸರಿಯಿತ್ತು, ಕೊನೆಯ ಒಂದು ಹೆಜ್ಜೆ ತಪ್ಪಿತು. ಹತ್ತೊಂಬತ್ತು ಮನೆಗಳಲ್ಲಿ ಸಾವು, ಒಬ್ಬ ವಿಜ್ಞಾನಿಗೆ ಐದು ವರ್ಷ ಕಳಂಕ. ವಿಮಾನದ ಹೆಪಾ ಫಿಲ್ಟರು ಸಣ್ಣ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆ, ನಿಜ. ಆದರೆ ಚೆಕ್‌ಇನ್ ಸಾಲಿನಲ್ಲಿ, ಏರ್‌ಪೋರ್ಟ್ ಬಸ್ಸಿನಲ್ಲಿ, ಇಳಿಯುವಾಗಿನ ನೂಕುನುಗ್ಗಲಿನಲ್ಲಿ ಆ ಫಿಲ್ಟರ್ ನಮ್ಮ ಜೊತೆ ಬರ್ತದಾ?

ಆವತ್ತು ವಿಮಾನ ನಿಂತ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಬ್ಯಾಗಿಗೆ ಕೈ ಹಾಕಿದ್ದು. ಪಕ್ಕದಲ್ಲಿ ವಯಸ್ಸಾದ ಅಜ್ಜಿ ಒಬ್ಬರು ನಿಂತಿದ್ದರು. ಅವರಿಗೆ ಏನೂ ಆಗಿರಲಿಕ್ಕಿಲ್ಲ. ಆದರೂ ಈಗ ಆ ಬಾಟಲಿಯ ನಂಬರ್ ನೆನಪಾದಾಗಲೆಲ್ಲ ಆ ಅಜ್ಜಿಯೂ ನೆನಪಾಗ್ತಾರೆ.