ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರ ಕಾರ್ಯವಿವೇಕ

ಅಧಿಕಾರವು ದೊರೆತ ಮಾತ್ರದಿಂದ ಯಾರೂ ನಾಯಕರಾಗಲಾರರು. ಯಾವ ಕಾರ್ಯವನ್ನು ತಾನು ಕೈಕೊಳ್ಳಬೇಕು, ಯಾವುದನ್ನು ಯೋಗ್ಯರಿಗೆ ಒಪ್ಪಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಸಕಾಲದಲ್ಲಿ ನಿಶ್ಚಯಿಸಬಲ್ಲವರಿಗೇ ಕಾರ್ಯಸಿದ್ಧಿಯು ಒಲಿಯುವುದು. ಇದಕ್ಕೆ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರ ಚರಿತ್ರವು ಉಜ್ವಲ ನಿದರ್ಶನವಾಗಿದೆ.

ಪೂಜ್ಯರು 1867ರಲ್ಲಿ ರಾಣಿಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಬಸಯ್ಯ, ನೀಲಮ್ಮ ಎಂಬ ದಂಪತಿಗಳಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಹಾಲಯ್ಯ. ಸಂಸಾರವನ್ನೊಲ್ಲದೆ ಎಳಂದೂರು ಶ್ರೀ ಬಸವಲಿಂಗಸ್ವಾಮಿಗಳವರ ಸೇವೆಯಲ್ಲಿ ನಿಂತು ಶಿವಯೋಗವನ್ನು ಸಾಧಿಸಿದರು. ಮುಂದೆ ಹಾನಗಲ್ಲ ವಿರಕ್ತಮಠದ ಅಧಿಕಾರವು ಅವರಿಗೆ ಪ್ರಾಪ್ತವಾಯಿತು.

ಆ ಕಾಲದಲ್ಲಿ ಮಠಗಳಿಗೆ ಆಸ್ತಿಯಿತ್ತು, ಭಕ್ತರಿದ್ದರು. ಆದರೆ ಪೀಠವೇರಬೇಕಾದ ವಟುಗಳಲ್ಲಿ ಅನೇಕರಿಗೆ ಕ್ರಮವಾದ ಶಿಕ್ಷಣವಿರಲಿಲ್ಲ. ಪೂಜ್ಯರು ತಮ್ಮ ಮಠವೊಂದನ್ನೇ ಬೆಳೆಸಿಕೊಂಡು ಸುಖವಾಗಿರಬಹುದಾಗಿತ್ತು. ಆ ಸುಲಭಮಾರ್ಗವನ್ನು ಬಿಟ್ಟು ಸಮಾಜದ ಭಾರವನ್ನು ಹೊತ್ತರು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯು ಅವರ ಪ್ರೇರಣೆಯಿಂದ ಸೇರಿದಾಗ ಅಧ್ಯಕ್ಷಪೀಠದಲ್ಲಿ ಕುಳಿತವರು ಅವರಲ್ಲ, ಶಿರಸಂಗಿಯ ಲಿಂಗರಾಜ ದೇಸಾಯರು. ಗೃಹಸ್ಥರಿಗೆ ಮುಂದಾಳುತನವನ್ನೊಪ್ಪಿಸಿ, ಶ್ರಮವನ್ನು ಮಾತ್ರ ಪೂಜ್ಯರು ತಮಗಿರಿಸಿಕೊಂಡರು. 1906ರಲ್ಲಿ ಕಾಲವಶರಾದ ಆ ದೇಸಾಯರು ತಮ್ಮ ಆಸ್ತಿಯನ್ನೆಲ್ಲ ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟು ಹೋದರು.

ಸಭೆಯಲ್ಲಿ ಠರಾವುಗಳಾದರೆ ಸಾಲದು, ಅವುಗಳನ್ನು ನಡೆಯಿಸುವ ಜನರು ಬೇಕು. ಆದಕಾರಣ 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವು ಸ್ಥಾಪಿತವಾಯಿತು. ಅಲ್ಲಿ ವಟುಗಳು ಸಂಸ್ಕೃತ, ಕನ್ನಡ, ಯೋಗ, ಸಂಗೀತಗಳನ್ನು ಅಭ್ಯಸಿಸಿದರು. ತಾಳೆಯೋಲೆಯ ಗ್ರಂಥಗಳು ಸಂಗ್ರಹಗೊಂಡವು, ಗೋಶಾಲೆಯು ನಡೆಯಿತು, ಶುದ್ಧ ವಿಭೂತಿಯು ತಯಾರಾಯಿತು. ಅಲ್ಲಿ ಸಿದ್ಧರಾದ ಸ್ವಾಮಿಗಳು ನಾಡಿನ ಅನೇಕ ಮಠಗಳಿಗೆ ಅಧಿಪತಿಗಳಾಗಿ ತೆರಳಿದರು.

ಯೋಗ್ಯತೆಯನ್ನು ಕಂಡುಹಿಡಿಯುವ ಪೂಜ್ಯರ ದೃಷ್ಟಿಯು ಎಂತಹದೆಂಬುದಕ್ಕೆ ಒಂದು ಪ್ರಸಂಗವೇ ಸಾಕು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಬಾಲಕನು ಹುಟ್ಟುಗುರುಡನು, ಬಡವನು. ಲೋಕವು ಅವನಲ್ಲಿ ಕುರುಡನ್ನು ಕಂಡಿತು. ಪೂಜ್ಯರು ಕಂಠವನ್ನು ಕಂಡರು. ಕನಿಕರದಿಂದ ಒಂದು ತುತ್ತು ಅನ್ನವನ್ನಿಕ್ಕಿ ಕೈತೊಳೆದುಕೊಳ್ಳದೆ, ಕರ್ನಾಟಕ, ಹಿಂದುಸ್ತಾನಿ ಉಭಯ ಪದ್ಧತಿಗಳಲ್ಲಿಯೂ ಅವನಿಗೆ ಶಿಕ್ಷಣ ದೊರಕುವಂತೆ ಏರ್ಪಡಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾಗಿ ಅಂಧರಿಗೂ ಅನಾಥರಿಗೂ ಆಶ್ರಯವಿತ್ತನು. ಅವರು 1944ರಲ್ಲಿ ಲಿಂಗೈಕ್ಯರಾದ ಮೇಲೆ ಗದಗಿನ ಪುಣ್ಯಾಶ್ರಮದ ಹೊಣೆಯನ್ನು ಅಂಧಶಿಷ್ಯರಾದ ಪುಟ್ಟರಾಜ ಗವಾಯಿಗಳು ಹೊತ್ತರು. ಒಂದು ನಿರ್ಣಯದಿಂದ ಎಷ್ಟು ಬಾಳುಗಳು ಬೆಳಗಿದವು!

ಪೂಜ್ಯರು 1930ರಲ್ಲಿ ಲಿಂಗೈಕ್ಯರಾದರು. ಅವರು ಕಟ್ಟಿದ ಕಾರ್ಯವು ಮಾತ್ರ ಅವರೊಡನೆ ನಿಲ್ಲಲಿಲ್ಲ. ಏಕೆಂದರೆ ಅದನ್ನು ತಮ್ಮೊಬ್ಬರ ಮೇಲೆಯೇ ಅವರು ನಿಲ್ಲಿಸಿರಲಿಲ್ಲ. ಕಲಬುರಗಿಯ ಕಚೇರಿಯಲ್ಲಿ ಹತ್ತು ಜನರ ಮೇಲ್ವಿಚಾರಣೆ ನಡೆಯಿಸುವವರಿಗೂ, ಕುಸನೂರಿನ ಹೊಲದಲ್ಲಿ ಆಳುಗಳನ್ನು ಕೂಡಿಸಿಕೊಂಡು ದುಡಿಯುವ ಒಕ್ಕಲಿಗರಿಗೂ ಈ ಪಾಠವು ಒಂದೇ. ತಾನಿಲ್ಲದಾಗಲೂ ಕಾಯಕವು ಸಾಗುವಂತೆ ಜನರನ್ನು ಸಿದ್ಧಗೊಳಿಸುವುದೇ ನಿಜವಾದ ನಾಯಕತ್ವವು.